ಪಿಕಪ್ ಬೆಡ್‌ಗೆ ಫಿಫ್ತ್ ವೀಲ್ ಹಿಚ್: ಆರಿಸುವುದು, ಕೂರಿಸುವುದು ಹೇಗೆ?

ಅಮೆರಿಕದ ಹೆದ್ದಾರಿಗಳಲ್ಲಿ ದೊಡ್ಡ ಕ್ಯಾಂಪಿಂಗ್ ಟ್ರೇಲರ್‌ಗಳನ್ನು ಗಮನಿಸಿ. ಅನೇಕವು ಪಿಕಪ್ಪಿನ ಬಂಪರಿಗಲ್ಲ, ಬೆಡ್‌ನೊಳಗೆ (ಹಿಂಬದಿಯ ತೆರೆದ ತೊಟ್ಟಿ) ಕೂರಿಸಿದ ಹಿಚ್‌ಗೆ, ಅಂದರೆ ಕೊಂಡಿಗೆ, ಕಚ್ಚಿಕೊಂಡಿರುತ್ತವೆ. ಹಾಗೆ ಮಾಡಿದರೆ ಟ್ರೇಲರ್ ಮೂತಿಯ ಭಾರ ನೇರ ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಗಾಳಿ ಹೊಡೆದಾಗ ಟ್ರೇಲರ್ ಅತ್ತಿತ್ತ ತೂರಾಡುವುದು ತುಂಬಾ ಕಡಿಮೆ.

ಇದರಲ್ಲಿ ಎರಡು ಬಗೆ. ಬೆಡ್ ನಡುವೆ 2 5/16 ಅಂಗುಲದ ಉಕ್ಕಿನ ಗುಂಡು ಇರುವುದು ಗೂಸ್‌ನೆಕ್; ದನ, ಕುದುರೆ, ಹುಲ್ಲಿನ ಸುರುಳಿ ಸಾಗಿಸುವವರದ್ದು. ಗುಂಡು ತೆಗೆದರೆ ಬೆಡ್ ಖಾಲಿ. ಫಿಫ್ತ್ ವೀಲ್ ಎಂದರೆ ಕಂಟೇನರ್ ಲಾರಿಗಳಲ್ಲಿರುವಂಥ ತಟ್ಟೆ; ಅದರ ದವಡೆ ಟ್ರೇಲರ್ ಮೂತಿಯಡಿಯ 2 ಅಂಗುಲದ ಉಕ್ಕಿನ ಗೂಟವನ್ನು, ಅಂದರೆ ಕಿಂಗ್‌ಪಿನ್ ಹಿಡಿಯುತ್ತದೆ. ಕ್ಯಾಂಪಿಂಗ್ ಟ್ರೇಲರ್‌ಗೆ ಸಾಮಾನ್ಯವಾಗಿ ಇದೇ. ಕಿಂಗ್‌ಪಿನ್‌ಗೆ ಅಡಾಪ್ಟರ್ ಸಿಕ್ಕಿಸಿ ಗೂಸ್‌ನೆಕ್ ಗುಂಡಿಗೆ ಕೂರಿಸುವ ಉಪಾಯವೂ ಇದೆ. ಆದರೆ ಆ ಉದ್ದನೆಯ ಕೊಳವೆ ಟ್ರೇಲರಿನ ಚೌಕಟ್ಟನ್ನು ಸನ್ನೆಕೋಲಿನಂತೆ ಮೀಟುತ್ತದೆ. ವಾರಂಟಿ ಉಳಿಯುತ್ತದೆಯೇ ಎಂದು ತಯಾರಕರನ್ನು ಕೇಳದೆ ಅದರ ತಂಟೆಗೆ ಹೋಗಬೇಡಿ.

ಮೊದಲು ತೂಕದ ಲೆಕ್ಕ

ಹಿಚ್ ಮೇಲೆ ಬರೆದಿರುವ ಸಾಮರ್ಥ್ಯ, ಜಾಹೀರಾತಿನಲ್ಲಿರುವ ಎಳೆಯುವ ಸಾಮರ್ಥ್ಯ ಎರಡನ್ನೂ ಸದ್ಯಕ್ಕೆ ಬದಿಗಿಡಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಕಾಣುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಅದರಲ್ಲಿದೆ. ಅದೇ ನಿಮ್ಮ ಗಾಡಿಯ ಪೇಲೋಡ್. ಫಿಫ್ತ್ ವೀಲ್ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 15ರಿಂದ 25ರಷ್ಟು ಹಿಚ್ ಮೇಲೆ ಕೂರುತ್ತದೆ. ಟ್ರೇಲರಿನ ಗರಿಷ್ಠ ತೂಕ 12,000 ಪೌಂಡ್ ಎಂದುಕೊಳ್ಳಿ. ಶೇ 20 ಎಂದರೆ 2,400. ಹಿಚ್ಚಿನ ತೂಕ 150, ನಾಲ್ವರ ಸಂಸಾರ 600, ಜನರೇಟರ್, ಹತ್ಯಾರ 100. ಒಟ್ಟು 3,250 ಪೌಂಡ್, ಅಂದರೆ ಸುಮಾರು 1,475 ಕಿಲೋ. ‘ಹಾಫ್ ಟನ್’ ಎಂಬ ಹಗುರ ವರ್ಗದ ಬಹುತೇಕ ಪಿಕಪ್‌ಗಳಿಗೆ ಇದು ಆಗದ ಮಾತು. ಮುಕ್ಕಾಲು ಟನ್ ಅಥವಾ ಒಂದು ಟನ್ ವರ್ಗದ ಗಾಡಿ ಬೇಕು (ಇವು ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ), ಅದರಲ್ಲೂ ಚೀಟಿ ನೋಡಿಯೇ ತೀರಬೇಕು.

ಲೆಕ್ಕಕ್ಕೆ ಟ್ರೇಲರಿನ ಖಾಲಿ ತೂಕ ಹಿಡಿಯಬೇಡಿ. 50 ಗ್ಯಾಲನ್ ನೀರೊಂದೇ ಸುಮಾರು 417 ಪೌಂಡ್ ಆಗುತ್ತದೆ.

ಇನ್ನು ಬೆಡ್ ಉದ್ದ. 8 ಅಡಿ ಇದ್ದರೆ ಸಾದಾ ಹಿಚ್ ಸಾಕು. ಆರೂವರೆ ಅಡಿ ಬೆಡ್‌ನಲ್ಲಿ ಗಾಡಿಯನ್ನು ಪೂರ್ತಿ ತಿರುಗಿಸಿದಾಗ ಟ್ರೇಲರಿನ ಮೂಲೆ ಕ್ಯಾಬಿನ ಹಿಂಗಾಜಿಗೆ ತಾಗಬಹುದು. ತಿರುಗಿಸುವಾಗ ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ ಅದಕ್ಕೇ ಇರುವುದು. ಐದೂವರೆ ಅಡಿ ಬೆಡ್ ಇದ್ದವರು ಫಿಫ್ತ್ ವೀಲ್ ಆಸೆ ಬಿಡುವುದು ವಾಸಿ.

ಕೂರಿಸುವ ಕೆಲಸ

ಬೆಡ್‌ನಲ್ಲಿ ಕಾರ್ಖಾನೆಯಿಂದಲೇ ನಾಲ್ಕು ಗೂಡು, ನಡುವೆ ಒಂದು ತೂತು ಬಂದಿದ್ದರೆ ನೀವು ಅದೃಷ್ಟವಂತರು. ಅದಕ್ಕೆ ಹೊಂದುವ ಹಿಚ್ ತಂದು ಇಳಿಸಿ, ಬೀಗ ಹಾಕಿದರಾಯಿತು. ಇಲ್ಲದಿದ್ದರೆ ಎರಡು ಅಡ್ಡ ಪಟ್ಟಿ (ರೈಲ್), ನಿಮ್ಮ ಗಾಡಿಯ ಮಾಡೆಲ್ ಮತ್ತು ವರ್ಷಕ್ಕೇ ಮಾಡಿದ ಬ್ರಾಕೆಟ್ ಸೆಟ್ ಬೇಕು. ಬಿಡಿ ಪ್ಲಾಸ್ಟಿಕ್ ಲೈನರ್ ಹಾಸಿದ್ದರೆ ಪಟ್ಟಿ ಕೂರುವ ಜಾಗದಲ್ಲಿ ಅದನ್ನು ಕತ್ತರಿಸಿ ತೆಗೆಯಿರಿ. ಪಟ್ಟಿ ಲೋಹಕ್ಕೆ ತಾಗಿಯೇ ಕೂರಬೇಕು.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಸ್ಟೆಪ್ನಿ ಇಳಿಸಿ. ಚಕ್ರದ ನಡುಮಧ್ಯಕ್ಕೆ ನೇರವಾಗಿ ತೂಗುಗುಂಡು ಬಿಟ್ಟು ಆಕ್ಸಲ್ ಗೆರೆಯನ್ನು ಬೆಡ್ ಒಳಗೆ ಗುರುತು ಮಾಡಿ. ಹಿಚ್ಚಿನ ಕೇಂದ್ರ ಆ ಗೆರೆಯ ಮೇಲೆ ಅಥವಾ ಒಂದೆರಡು ಅಂಗುಲ ಮುಂದೆ ಬರಬೇಕು. ಹಿಂದೆ ಬಿದ್ದರೆ ಮುಂಚಕ್ರಗಳು ಹಗುರಾಗಿ, ಮಳೆಯಲ್ಲಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಬ್ರಾಕೆಟ್ ಜೊತೆ ಬರುವ ಕೈಪಿಡಿಯಲ್ಲಿ ಬೆಡ್ ಅಂಚಿನಿಂದ ಪಟ್ಟಿಗೆ ಎಷ್ಟು ದೂರ ಎಂದು ಕೊಟ್ಟಿರುತ್ತದೆ. ಎರಡೂ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕು.

ಬ್ರಾಕೆಟ್‌ಗಳನ್ನು ಚಾಸಿಯಲ್ಲಿರುವ ತೂತುಗಳಿಗೆ ಸಡಿಲವಾಗಿ ಹಾಕಿ. ಪಟ್ಟಿಗಳ ನಡುವಿನ ಅಂತರಕ್ಕೆ ಟೇಪ್ ನೆಚ್ಚಿಕೊಳ್ಳುವ ಬದಲು ಹಿಚ್ಚನ್ನೇ ಅವುಗಳ ಮೇಲಿಟ್ಟು ಕಾಲುಗಳಿಗೆ ಪಿನ್ ಹಾಕಿ. ಆಮೇಲೆ ಪಟ್ಟಿಗಳ ಎದುರುಬದುರು ತುದಿಗಳ ನಡುವಿನ ಎರಡೂ ಕರ್ಣ ಅಳೆಯಿರಿ. ಎರಡೂ ಸಮ ಬರುವವರೆಗೂ ಡ್ರಿಲ್ ಮುಟ್ಟಬೇಡಿ.

ತೂತು ಕೊರೆಯುವ ಮುನ್ನ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿ. ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿನ ಕಟ್ಟು ಬೆಡ್ ತಳಕ್ಕೆ ಅಂಟಿಕೊಂಡೇ ಹೋಗಿರುತ್ತವೆ. ಡ್ರಿಲ್ ಬಿಟ್ ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯದಂತೆ ಅದಕ್ಕೆ ಮರದ ತುಂಡೊಂದನ್ನು ಪೋಣಿಸಿಕೊಳ್ಳಿ. ಮೊದಲು ಸಣ್ಣ ತೂತು, ಕೆಳಗಿನಿಂದ ಪರೀಕ್ಷೆ, ಆಮೇಲೆ ದೊಡ್ಡದು. ಅಂಚನ್ನು ಅರದಿಂದ ಉಜ್ಜಿ, ತುಕ್ಕು ಹಿಡಿಯದಂತೆ ಪ್ರೈಮರ್ ಬಳಿಯಿರಿ. ಚಾಸಿಗೆ ಮಾತ್ರ ಎಲ್ಲೂ ವೆಲ್ಡಿಂಗ್ ಬೇಡ; ಶಾಖಕ್ಕೆ ಉಕ್ಕಿನ ಬಲ ಹೋಗುತ್ತದೆ.

ಬಹಳ ಜನ ಮರೆಯುವುದು ‘ಯು’ ಆಕಾರದ ಸ್ಪೇಸರ್‌ಗಳನ್ನು. ಬೆಡ್ ತಳ ಏರುತಗ್ಗಿನ ತೆಳು ತಗಡು. ತಗಡಿಗೂ ಬ್ರಾಕೆಟ್‌ಗೂ ನಡುವಿನ ಖಾಲಿ ಜಾಗಕ್ಕೆ ಸ್ಪೇಸರ್ ಕೊಡದೆ ಬೋಲ್ಟ್ ಬಿಗಿದರೆ ತಗಡು ನುಗ್ಗಾಗುತ್ತದೆ. ಅವತ್ತು ಬಿಗಿಯಾಗಿಯೇ ಕಾಣುತ್ತದೆ. ಓಡಾಡುತ್ತಾ ತಗಡು ಇನ್ನಷ್ಟು ಕುಸಿದು ಬೋಲ್ಟ್ ಸಡಿಲಾಗುತ್ತದೆ, ರಸ್ತೆಯ ಪ್ರತಿ ಗುಂಡಿಗೂ ‘ಟಕ್’ ಎನ್ನುತ್ತದೆ, ಕೊನೆಗೆ ತೂತು ಉದ್ದವಾಗುತ್ತದೆ. 2015ರಿಂದೀಚಿನ ಫೋರ್ಡ್ ಎಫ್-150ಯ ಅಲ್ಯೂಮಿನಿಯಂ ಬೆಡ್‌ನಲ್ಲಿ ಇನ್ನೂ ಎಚ್ಚರ ಬೇಕು. ಎಲ್ಲ ಬೋಲ್ಟ್ ಕೂತ ಮೇಲೆ ಕೈಪಿಡಿ ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ.

ವೈರಿಂಗ್ ಸುಲಭ: ಬಂಪರಿನ 7 ಪಿನ್ ಸಾಕೆಟ್‌ನಿಂದ ಕವಲು ತೆಗೆಯುವ ರೆಡಿ ವೈರು ಸಿಗುತ್ತದೆ, ಬೆಡ್ ಗೋಡೆಗೆ ಇನ್ನೊಂದು ಸಾಕೆಟ್ ಕೂರಿಸಿ.

ಟ್ರೇಲರ್ ಕೂಡಿಸುವಾಗ

ಟ್ರೇಲರ್ ಸಮತಟ್ಟಾಗಿ ನಿಲ್ಲುವಂತೆ ಹಿಚ್ಚಿನ ಎತ್ತರ ಹೊಂದಿಸಿ. ಬೆಡ್ ಗೋಡೆಗೂ ಟ್ರೇಲರಿನ ಅಡಿಗೂ ಸುಮಾರು 6 ಅಂಗುಲ ಉಳಿಯಲಿ. ಇಲ್ಲದಿದ್ದರೆ ಇಳಿಜಾರಿನ ತಿರುವಿನಲ್ಲಿ ಗೋಡೆ ನೆಗ್ಗುತ್ತದೆ. ಪಿಕಪ್ಪನ್ನು ಟ್ರೇಲರಿನತ್ತ ಹಿಂದಕ್ಕೆ ತರುವಾಗ ಟೇಲ್‌ಗೇಟ್ (ಬೆಡ್‌ನ ಹಿಂಬಾಗಿಲು) ಇಳಿಸಿರಿ. ಟ್ರೇಲರಿನ ಕಿಂಗ್‌ಪಿನ್ ಸುತ್ತಲಿನ ತಟ್ಟೆ ಹಿಚ್ಚಿನ ತಟ್ಟೆಗಿಂತ ಅರ್ಧ ಅಂಗುಲ ಕೆಳಗಿದ್ದು, ಹಿಚ್ ಅದನ್ನು ಎತ್ತಿಕೊಂಡು ಒಳಸೇರಬೇಕು. ಟ್ರೇಲರ್ ಎತ್ತರದಲ್ಲಿದ್ದರೆ ಪಿನ್ ದವಡೆಯ ಮೇಲೇ ಕೂತು, ಹಿಡಿದಂತೆ ನಟಿಸುತ್ತದೆ. ಅಂಥ ಟ್ರೇಲರ್ ಮೊದಲ ಹಂಪಿನಲ್ಲೇ ಬೆಡ್ ಮೇಲೆ ಬೀಳುತ್ತದೆ.

ಹಿಡಿಕೆ ಮುಚ್ಚಿತೆಂದು ನಂಬದೆ, ಎರಡು ತಟ್ಟೆಗಳ ನಡುವೆ ಸಂದಿಲ್ಲವೆಂದೂ ದವಡೆ ಪಿನ್ ಸುತ್ತ ಮುಚ್ಚಿದೆಯೆಂದೂ ಟಾರ್ಚ್ ಹಾಕಿ ನೋಡಿ. ಬ್ರೇಕ್‌ಅವೇ ತಂತಿಯನ್ನು (ಟ್ರೇಲರ್ ಕಳಚಿದರೆ ತಾನೇ ಅದರ ಬ್ರೇಕ್ ಹಾಕಿಸುವುದು) ಪಿಕಪ್ಪಿಗೆ ಸಿಕ್ಕಿಸಿ, 7 ಪಿನ್ ಪ್ಲಗ್ ಹಾಕಿ. ಟ್ರೇಲರಿನ ಮುಂಗಾಲು ನೆಲಕ್ಕೆ ತಾಗಿರುವಾಗಲೇ ಕ್ಯಾಬಿನ ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಒತ್ತಿ ಹಿಡಿದು ಮೆಲ್ಲಗೆ ಮುಂದಕ್ಕೆ ಜಗ್ಗಿ. ಬಿಡದೆ ಹಿಡಿದರೆ ಮುಂಗಾಲು ಎತ್ತಿ, ಟೇಲ್‌ಗೇಟ್ ಮುಚ್ಚಿ ಹೊರಡಿ. ಮೊದಲ 50 ಮೈಲಿಯ ನಂತರ ನಿಲ್ಲಿಸಿ, ಪಟ್ಟಿಯ ಬೋಲ್ಟ್‌ಗಳನ್ನೂ ಚಾಸಿಯ ಬ್ರಾಕೆಟ್ ಬೋಲ್ಟ್‌ಗಳನ್ನೂ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿ.