ಭಾನುವಾರ ಪೂಜೆ, ಭಾನುವಾರವೇ ಮ್ಯಾಚು: ಖೋ ಖೋ ಕಲಿಸುತ್ತಾ ನಾನು ಕಲಿತದ್ದು

ಹೋದ ತಿಂಗಳು ನಮ್ಮ ಚರ್ಚಿನ ಒಬ್ಬ ಹುಡುಗ, ಈಗಷ್ಟೇ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಪದವಿ ಮುಗಿಸಿ ಕೆಲಸಕ್ಕೆ ಸೇರಿದವನು, ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದ: "ಅಕ್ಕ, ಭಾನುವಾರ ಮ್ಯಾಚ್ ಬಂದ್ರೆ ನೀವು ಏನ್ ಮಾಡ್ತೀರಿ?" ಗೇಟಿನಲ್ಲಿ ನಿಂತು ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಹೆಣ್ಣುಮಕ್ಕಳಿಗೆ ಖೋ ಖೋ ಕಲಿಸುತ್ತೇನೆ. 18 ವರ್ಷ ಆಯಿತು. ಸಂಬಳ ಬರುವುದು ಶಾಲೆಯ ದೈಹಿಕ ಶಿಕ್ಷಕಿ ಕೆಲಸದಿಂದ. ಖೋ ಖೋ ಅದರ ಹಿಂದೆ ಮುಂದೆ, ಬೆಳಿಗ್ಗೆ ಐದೂವರೆಗೆ ಒಮ್ಮೆ, ಸಂಜೆ ಒಮ್ಮೆ. ನಮ್ಮದು ಕಥೋಲಿಕ ಮನೆ. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಅವ್ವನಿಗೆ ಭಾನುವಾರದ ಪೂಜೆ ತಪ್ಪಿದರೆ ಇಡೀ ವಾರ ಊಟ ಸೇರುತ್ತಿರಲಿಲ್ಲ. 1996ರಲ್ಲಿ ನಾನು ಶಾಲೆಯ ತಂಡದಲ್ಲಿ ಆಡುವಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಜಿಲ್ಲಾ ಮಟ್ಟ ಅಂದರೆ ದುರ್ಗಕ್ಕೆ ಬಸ್ಸು. ಮರುವರ್ಷ ದಾವಣಗೆರೆಯೇ ಜಿಲ್ಲೆ ಆಯಿತು, ಬಸ್ಸಿನ ಕಷ್ಟ ತಪ್ಪಿತು, ಭಾನುವಾರದ ಕಷ್ಟ ಮಾತ್ರ ಹಾಗೇ ಉಳಿಯಿತು.

ನಮ್ಮ ವರ್ಷ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಬೇಕು. ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲ್ಲೂಕು, ಜಿಲ್ಲೆ ಅಂತ ಒಂದರ ಹಿಂದೆ ಒಂದು ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಹರಿಹರದ ಆರೋಗ್ಯ ಮಾತೆಯ ಹಬ್ಬ ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮುಂಚೆ ಒಂಬತ್ತು ದಿನ ನೊವೇನ, ಅಂದರೆ ದಿನವೂ ವಿಶೇಷ ಪ್ರಾರ್ಥನೆ. 2019ರಲ್ಲಿ ಆ ದೇವಾಲಯಕ್ಕೆ ಬೆಸಿಲಿಕಾ ಅಂತ, ಅಂದರೆ ಪೋಪ್ ಕೊಡುವ ವಿಶೇಷ ಗೌರವದ ಮಾನ್ಯತೆ ಸಿಕ್ಕ ಮೇಲಂತೂ ಜನ ಇನ್ನೂ ಜಾಸ್ತಿ. ನಮ್ಮೂರಿಂದ ಹರಿಹರ ಹದಿನಾಲ್ಕು ಕಿಲೋಮೀಟರ್ ಆಸುಪಾಸು, ಹರಕೆ ಹೊತ್ತವರು ನಡೆದೇ ಹೋಗುತ್ತಾರೆ, ನಾನೂ ಚಿಕ್ಕಂದಿನಿಂದ ಹೋದವಳು. ಅಂದರೆ ವರ್ಷದಲ್ಲಿ ಚರ್ಚಿಗೆ ನಾನು ಹೆಚ್ಚು ಬೇಕಾಗುವ ಹತ್ತು ದಿನಗಳೂ ತಂಡಕ್ಕೆ ನಾನು ಹೆಚ್ಚು ಬೇಕಾಗುವ ಹತ್ತು ದಿನಗಳೂ ಒಂದೇ.

ಮೊದಲ ಏಳೆಂಟು ವರ್ಷ ಎಲ್ಲವನ್ನೂ ನಾನೇ ಮಾಡುತ್ತೇನೆ ಅಂತ ಓಡಿದೆ. ಭಾನುವಾರ ಬೆಳಿಗ್ಗೆ ಅಭ್ಯಾಸ, ಅಲ್ಲಿಂದ ಸ್ಕೂಟಿಯಲ್ಲಿ ಚರ್ಚು, ಗಾಯನವೃಂದದಲ್ಲಿ ಹಾಡು, ಪೂಜೆ ಆದ ಮೇಲೆ ಮಕ್ಕಳಿಗೆ ಧರ್ಮದ ಪಾಠ ಹೇಳುವ ಜ್ಞಾನೋಪದೇಶ ತರಗತಿ, ಆಮೇಲೆ ಮತ್ತೆ ಮೈದಾನ. ಟ್ರ್ಯಾಕ್ ಪ್ಯಾಂಟಿನ ಮೇಲೆ ಸೀರೆ ಉಟ್ಟು ಹಾಡಿದ ದಿನಗಳಿವೆ. ಹಾಡುವಾಗ ಮೈದಾನದ ಯೋಚನೆ, ಸೀಟಿ ಊದುವಾಗ ಹಾಡಿನ ಯೋಚನೆ.

ಒಂದು ವರ್ಷ ಅದರ ಬೆಲೆ ತೆತ್ತವಳು ನಾನಲ್ಲ, ಒಬ್ಬ ಹುಡುಗಿ. ಹಬ್ಬದ ಹಿಂದಿನ ವಾರ ರಾತ್ರಿ ಹಾಡಿನ ಅಭ್ಯಾಸ ಮುಗಿಸಿ ಬಂದು, ನಿದ್ದೆಗಣ್ಣಲ್ಲಿ ತಂಡದ ಪಟ್ಟಿ ಬರೆದೆ. ಅವಳ ಹುಟ್ಟಿದ ವರ್ಷ ತಪ್ಪು ಬಿತ್ತು. ಮರುದಿನ ಕೂಟದಲ್ಲಿ ಮೇಜಿನ ಹತ್ತಿರ ದಾಖಲೆ ತಾಳೆ ನೋಡಿದರು, ಹೊಂದಲಿಲ್ಲ, ಅವಳನ್ನು ಆಡಿಸಲಿಲ್ಲ. ಅವರ ತಪ್ಪೇನೂ ಇಲ್ಲ, ನಿಯಮ ನಿಯಮವೇ. ನಮ್ಮಲ್ಲಿ ಪೋಲ್ ಡೈವ್ ಅವಳಷ್ಟು ಚೆನ್ನಾಗಿ ಹೊಡೆಯುವವರು ಇರಲಿಲ್ಲ. ಕಂಬ ಹಿಡಿದು ಮೈಯನ್ನು ಪೂರ್ತಿ ಚಾಚಿ, ಓಡುವವಳ ಹಿಮ್ಮಡಿ ಮುಟ್ಟುತ್ತಿದ್ದಳು. ಆ ದಿನ ಜರ್ಸಿ ಹಾಕಿಕೊಂಡೇ ಸುಣ್ಣದ ಗೆರೆಯ ಆಚೆ ಕೂತಳು. ಮೊಣಕಾಲಿಗೆ ಹಿಂದಿನ ದಿನವೇ ಹೊಸ ನೀ ಕ್ಯಾಪ್ ತಂದಿದ್ದಳು. ಒಂಬತ್ತು ನಿಮಿಷದ ಇನ್ನಿಂಗ್ಸ್ ಪೂರ್ತಿ ಆ ನೀ ಕ್ಯಾಪನ್ನು ಬಿಚ್ಚುವುದು, ಮತ್ತೆ ಏರಿಸುವುದು, ಅದೇ ಮಾಡುತ್ತಿದ್ದಳು. ನಾವು ಸೋತೆವು. ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೇ ಬಂದು ಕೂತಳು, ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ನನ್ನ ಯಜಮಾನರು ಹೇಳಿದ ಮಾತು: "ದಿನಾ ಮಕ್ಕಳಿಗೆ ಖೋ ಕೊಡು, ಖೋ ಕೊಡು ಅಂತ ಕೂಗ್ತೀಯ. ನೀನು ಯಾರಿಗೆ ಕೊಟ್ಟಿದ್ದೀಯ ಹೇಳು?"

ಈ ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹಿಡಿಯುವ ತಂಡದ ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ. ಅವಳು ನಡುವಿನ ಸಾಲು ದಾಟುವ ಹಾಗಿಲ್ಲ, ಹಿಡಿದ ದಿಕ್ಕು ಬದಲಿಸುವ ಹಾಗಿಲ್ಲ. ಕೂತವಳ ಬೆನ್ನು ಮುಟ್ಟಿ ಖೋ ಅಂತ ಕೂಗಿದರೆ ಮಾತ್ರ ಆ ಇನ್ನೊಬ್ಬಳು ಎದ್ದು ಓಡುತ್ತಾಳೆ. ಹೊಸದಾಗಿ ಬಂದ ಮಕ್ಕಳು ಖೋ ಕೊಡುವುದೇ ಇಲ್ಲ. ನಾನೇ ಹಿಡಿಯುತ್ತೇನೆ ಅಂತ ಕಂಬದಿಂದ ಕಂಬಕ್ಕೆ ಓಡಿ ಓಡಿ ಎರಡೇ ನಿಮಿಷಕ್ಕೆ ಏದುಸಿರು ಬಿಡುತ್ತಾರೆ, ಎದುರಿನವಳು ಆರಾಮಾಗಿ ಸಾಲಿನ ಮಧ್ಯೆ ನುಸುಳಿಕೊಂಡಿರುತ್ತಾಳೆ. ಇದನ್ನು ಬಿಡಿಸಲಿಕ್ಕೆ ನನಗೆ ಆರು ತಿಂಗಳು ಬೇಕು. ನನ್ನನ್ನು ಬಿಡಿಸಲಿಕ್ಕೆ ಎಂಟು ವರ್ಷ ಬೇಕಾಯಿತು.

ಮರುವಾರ ಫಾದರ್ ಹತ್ತಿರ ಹೋಗಿ ಜ್ಞಾನೋಪದೇಶ ತರಗತಿ ಬಿಟ್ಟೆ. ಅದು ಬಿಡುವಾಗ ಅತ್ತುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಗಾಯನವೃಂದದಲ್ಲಿ ಕ್ರಿಸ್ಮಸ್ ಮತ್ತು ಪಾಸ್ಕ (ಈಸ್ಟರ್) ಹಬ್ಬಕ್ಕೆ ಮಾತ್ರ ಹಾಡುತ್ತೇನೆ ಅಂದೆ. ಮೈದಾನದ ಕಡೆಯೂ ಮುಂದೆ ಹಾಗೇ ಮಾಡಿದೆ. ನನ್ನ ಹತ್ತಿರವೇ ಆಡಿ, ಈಗ ಕಾಲೇಜು ಮುಗಿಸಿರುವ ಒಬ್ಬ ಹುಡುಗಿಗೆ ವಾರಕ್ಕೆ ಎರಡು ದಿನ ಪೂರ್ತಿ ಬಿಟ್ಟುಕೊಟ್ಟೆ. ಪಟ್ಟಿ ಬರೆಯುವುದು ಅವಳೇ, ನಾನು ಎರಡನೇ ಸಾರಿ ನೋಡುತ್ತೇನೆ. ಆಮೇಲೆ ಇವತ್ತಿನವರೆಗೆ ಒಂದು ದಿನಾಂಕವೂ ತಪ್ಪಿಲ್ಲ.

ಭಾನುವಾರಕ್ಕೆ ಒಂದು ಪದ್ಧತಿ ಮಾಡಿಕೊಂಡೆ. ಕೂಟ ಹದಿನೈದು ದಿನದೊಳಗೆ ಇಲ್ಲದಿದ್ದರೆ ಭಾನುವಾರ ಅಭ್ಯಾಸವೇ ಇಲ್ಲ. ಇದನ್ನು ನನ್ನ ಪೂಜೆಗಾಗಿ ಮಾಡಿದ್ದು, ಆದರೆ ಮಕ್ಕಳ ಮೊಣಕಾಲಿಗೂ ಅದರಿಂದ ಒಳ್ಳೆಯದಾಯಿತು. ಕೂತು ಏಳುವ ಆಟ ಇದು, ವಾರಕ್ಕೆ ಒಂದು ದಿನ ಮಂಡಿಗೆ ಬಿಡುವು ಬೇಕೇ ಬೇಕು. ಭಾನುವಾರ ಮ್ಯಾಚೇ ಇದ್ದರೆ ಶನಿವಾರ ಸಂಜೆಯ ಪೂಜೆಗೆ ಹೋಗುತ್ತೇನೆ. ನಮ್ಮ ಕಥೋಲಿಕರಲ್ಲಿ ಹಿಂದಿನ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಪೂಜೆಗೆ ಹೋದಂತೆಯೇ, ಇದು ಧರ್ಮಸಭೆಯ ನಿಯಮದಲ್ಲೇ ಇದೆ. ಎಷ್ಟೋ ಜನರಿಗೆ ಗೊತ್ತಿಲ್ಲ, ನನಗೂ ಫಾದರ್ ಹೇಳುವವರೆಗೆ ಗೊತ್ತಿರಲಿಲ್ಲ. ಬೇರೆ ಊರಿಗೆ ಹೋದಾಗ ಅಲ್ಲಿಯ ಚರ್ಚು ಎಲ್ಲಿದೆ, ಪೂಜೆ ಎಷ್ಟು ಹೊತ್ತಿಗೆ ಅಂತ ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳುತ್ತೇನೆ.

ಆದರೂ ಮಾತು ಬಂತು. ಹಿರಿಯರೊಬ್ಬರು ಚರ್ಚಿನ ಮೆಟ್ಟಿಲ ಮೇಲೆ ಎಲ್ಲರ ಎದುರು, "ಏನಮ್ಮ, ದೇವರಿಗಿಂತ ಆಟ ಜಾಸ್ತಿ ಆಯ್ತಾ?" ಅಂದರು. ಎರಿಕ್ ಲಿಡೆಲ್ ಕಥೆಯನ್ನೂ ಹೇಳಿದರು. ಆ ಕಥೆ ನನಗೂ ಗೊತ್ತು, ಮಕ್ಕಳಿಗೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಓಟಗಾರ, 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಅಂತ ಓಡಲಿಲ್ಲ. 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಆದರೆ ಆ ಕಥೆಯ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. ಅವರು ಚೀನಾಕ್ಕೆ ಧರ್ಮಸೇವೆಗೆ ಹೋದರು, ಯುದ್ಧದ ಕಾಲದಲ್ಲಿ ಜಪಾನಿನವರು ಅವರನ್ನು ಬೇರೆಯವರ ಜೊತೆ ಒಂದು ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿಯ ಮಕ್ಕಳು ಒಂದು ಭಾನುವಾರ ತಾವೇ ಹಾಕಿ ಆಟ ಆಡಲು ಹೋಗಿ ಹೊಡೆದಾಡಿಕೊಂಡರು. ಮುಂದಿನ ಭಾನುವಾರ ಅದೇ ಲಿಡೆಲ್ ಮೈದಾನಕ್ಕೆ ಬಂದು ಅಂಪೈರ್ ಆಗಿ ನಿಂತರು. ತಮ್ಮ ಪದಕಕ್ಕಾಗಿ ಭಾನುವಾರ ಬಿಡದವರು ಮಕ್ಕಳಿಗಾಗಿ ಬಿಟ್ಟರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡಾಗ ಅವರಿಗೆ 43 ವರ್ಷ, ಈಗ ನನಗಿರುವ ವಯಸ್ಸು. ಆ ಹಿರಿಯರಿಗೆ ಇದನ್ನು ಹೇಳಿದೆ. ಒಪ್ಪಿದರೋ ಇಲ್ಲವೋ, ಮುಂದಿನ ಜಿಲ್ಲಾ ಕೂಟಕ್ಕೆ ಮೊಮ್ಮಗಳನ್ನು ಕರೆದುಕೊಂಡು ಬಂದು ಗೆರೆಯ ಹತ್ತಿರವೇ ಕೂತಿದ್ದರು.

ಇನ್ನು ಪ್ರಾರ್ಥನೆಯ ವಿಷಯ. ಹೊಸಬರು ಇದನ್ನು ಗಮನವಿಟ್ಟು ಓದಬೇಕು, ಯಾಕಂದರೆ ಇಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ.

ನನ್ನ ತಂಡದಲ್ಲಿ ಕ್ರೈಸ್ತ ಮಕ್ಕಳು ಒಬ್ಬರೋ ಇಬ್ಬರೋ. ಉಳಿದವರು ಎಲ್ಲಾ ಜಾತಿ, ಎಲ್ಲಾ ಕೇರಿಯವರು, ಮುಸ್ಲಿಂ ಹುಡುಗಿಯರೂ ಇದ್ದಾರೆ. ಮ್ಯಾಚು ಶುರುವಾಗುವ ಮುಂಚೆ ಶಿಲುಬೆ ಗುರುತು ಹಾಕಿಕೊಳ್ಳುವುದು ನನಗೆ ಚಿಕ್ಕಂದಿನ ಅಭ್ಯಾಸ. ಒಂದು ಸಾರಿ ನಾನು ಹಾಕಿಕೊಂಡೆ, ನಾವು ಗೆದ್ದೆವು. ಮುಂದಿನ ಮ್ಯಾಚಿಗೆ ನೋಡಿದರೆ ನಾಲ್ಕು ಹುಡುಗಿಯರು ಹಣೆ, ಎದೆ, ಭುಜ ಮುಟ್ಟಿಕೊಂಡು ಒಳಗೆ ಹೋಗುತ್ತಿದ್ದಾರೆ. ಅವರ ಮನಸ್ಸಿನಲ್ಲಿ ಅದು ಟೀಚರ್ ಮಾಡುವುದು, ಮಾಡಿದರೆ ಗೆಲ್ಲುತ್ತೇವೆ, ಅಷ್ಟೇ. ನೋಡಿ ನನಗೆ ಖುಷಿಯೂ ಆಯಿತು. ಒಬ್ಬ ಹುಡುಗಿಯ ಅಪ್ಪ ಆ ದಿನ ಮೈದಾನದಲ್ಲಿದ್ದರು. ಸಂಜೆಯೇ ಬಂದರು. "ಟೀಚರ್, ನಮ್ಮ ಹುಡುಗೀನ ಆಟಕ್ಕೆ ಕಳಿಸಿದ್ದೀವ್ರಿ. ಬೇರೆ ಏನ್ ಕಲಿಸ್ತಿದ್ದೀರಿ ಅಂತ ಹೇಳ್ರಿ," ಅಂದರು. ಮೂರು ದಿನ ಮಗಳನ್ನು ಕಳಿಸಲಿಲ್ಲ.

ಮೊದಲು ಸಿಟ್ಟು ಬಂತು. ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ, ನನ್ನ ಪಾಡಿಗೆ ನಾನು ಮಾಡಿದೆ ಅಂತ. ಎರಡು ರಾತ್ರಿ ಯೋಚಿಸಿದ ಮೇಲೆ ಅವರ ಮಾತಿನಲ್ಲಿ ನ್ಯಾಯ ಇದೆ ಅನ್ನಿಸಿತು. ಯಾರು ತಂಡದಲ್ಲಿರಬೇಕು, ಯಾರು ಹೊರಗೆ ಕೂರಬೇಕು ಅಂತ ತೀರ್ಮಾನ ಮಾಡುವವಳು ನಾನು. ಹದಿಮೂರು ವರ್ಷದ ಮಗುವಿಗೆ ಕೋಚ್ ಮಾಡಿದ್ದನ್ನು ಮಾಡದೇ ಇರುವ ಧೈರ್ಯ ಎಲ್ಲಿಂದ ಬರಬೇಕು? ನಾನು ಬಾಯಿ ಬಿಡದಿದ್ದರೂ ಅದು ಒತ್ತಾಯವೇ ಅಲ್ವಾ? ನಾಲ್ಕನೇ ದಿನ ಅವರ ಮನೆಗೆ ಹೋದೆ. ಅವರ ಮನೆಯವರು ಚಹಾ ಕೊಟ್ಟರು, ಅವಲಕ್ಕಿ ಕೊಟ್ಟರು. ಏನು ನಡೆಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ, ಇನ್ನು ಮೇಲೆ ಹಾಗಾಗುವುದಿಲ್ಲ ಅಂದೆ. ಮರುದಿನ ಬೆಳಿಗ್ಗೆ ಐದೂವರೆಗೆ ಅವರೇ ಬೈಕಿನಲ್ಲಿ ಮಗಳನ್ನು ತಂದುಬಿಟ್ಟರು.

ಅಂದಿನಿಂದ ನನ್ನ ಶಿಲುಬೆ ಗುರುತು ಬಸ್ಸಿನಲ್ಲಿ, ಮಕ್ಕಳು ಹತ್ತುವ ಮುಂಚೆ. ಮೈದಾನದಲ್ಲಿ ಎಲ್ಲರೂ ಒಂದು ನಿಮಿಷ ಕಣ್ಣುಮುಚ್ಚಿ ನಿಲ್ಲುತ್ತೇವೆ, ಯಾರು ಯಾರನ್ನು ನೆನೆಯುತ್ತಾರೋ ಅವರಿಗೆ ಬಿಟ್ಟದ್ದು. ಆಮೇಲೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಹೋಗುತ್ತಾರೆ. ನಂಬಿಕೆಯನ್ನು ಮುಚ್ಚಿಟ್ಟಂತೆ ಆಗಲಿಲ್ವಾ ಅಂತ ನಮ್ಮ ಚರ್ಚಿನಲ್ಲೇ ಕೆಲವರು ಕೇಳಿದ್ದಾರೆ. ನಾನು ಯಾರು, ಎಲ್ಲಿಗೆ ಪೂಜೆಗೆ ಹೋಗುತ್ತೇನೆ ಅಂತ ಪ್ರತಿ ಮಗುವಿಗೂ ಗೊತ್ತು. ಕ್ರಿಸ್ಮಸ್‌ಗೆ ತಂಡ ಪೂರ್ತಿ ನಮ್ಮ ಮನೆಗೆ ಕೇಕು ತಿನ್ನಲು ಬರುತ್ತದೆ. ದುಗ್ಗಮ್ಮನ ಜಾತ್ರೆಯಲ್ಲಿ ನನಗೆ ಎಷ್ಟು ಮನೆಯ ಊಟ! ಕೇಳಿದರೆ ಹೇಳುತ್ತೇನೆ, ಕೇಳದೆ ಹೇಳುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ಇದೆ. ನಮ್ಮ ಚರ್ಚಿನವರು, "ನಮ್ಮವಳೇ ಅಲ್ವಾ, ಒಂದು ಜಾಗ ನೋಡು," ಅಂತ ಮಗಳನ್ನು ಕರೆದುಕೊಂಡು ಬರುತ್ತಾರೆ. ಬೇಡ ಅನ್ನುವುದು ಬಹಳ ಕಷ್ಟ, ಒಂದೇ ಬೆಂಚಿನಲ್ಲಿ ಕೂರುವವರು. ಅದಕ್ಕೇ ಆಯ್ಕೆಯ ದಿನ ಬೇರೆ ಶಾಲೆಯ ಇಬ್ಬರು ದೈಹಿಕ ಶಿಕ್ಷಕರನ್ನು ಕರೆದು ಅಂಕ ಹಾಕಿಸುತ್ತೇನೆ. ಹಾಳೆಯನ್ನು ಎಲ್ಲರ ಎದುರಿಗೇ ಗೋಡೆಗೆ ಅಂಟಿಸುತ್ತೇನೆ.

ಉಪವಾಸದ ಬಗ್ಗೆ ಒಂದೆರಡು ಮಾತು. ಒಂದು ಶುಭ ಶುಕ್ರವಾರದ ಮರುದಿನ ನಮ್ಮ ಕ್ರೈಸ್ತ ಹುಡುಗಿ, 15 ವರ್ಷದವಳು, ಅಭ್ಯಾಸದಲ್ಲಿ ತಲೆಸುತ್ತು ಬಂದು ಕೂತುಬಿಟ್ಟಳು. ಎರಡು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಧರ್ಮಸಭೆಯ ನಿಯಮದಲ್ಲಿ ಉಪವಾಸ 18ರಿಂದ 59 ವರ್ಷದವರಿಗೆ ಮಾತ್ರ, ಮಾಂಸ ಬಿಡುವುದು 14 ದಾಟಿದವರಿಗೆ. ಇದನ್ನು ನಾನು ಹೇಳಿದರೆ ಸಾಲದು ಅಂತ ಫಾದರ್ ಬಾಯಲ್ಲೇ ಹೇಳಿಸಿದೆ. 2025ರಲ್ಲಿ ರಂಜಾನ್ ಉಪವಾಸ ಶುರುವಾಗಿ ಮೂರೇ ದಿನಕ್ಕೆ ನಮ್ಮ ಬೂದಿ ಬುಧವಾರ, ಅಂದರೆ ಈಸ್ಟರಿಗೆ ಮುಂಚಿನ ನಮ್ಮ ಉಪವಾಸದ ಕಾಲ ಶುರುವಾಗುವ ದಿನ ಬಂತು. ಆ ತಿಂಗಳು ಸಂಜೆ ಓಟವೇ ಇಟ್ಟುಕೊಳ್ಳಲಿಲ್ಲ. ಕೂರುವ ಭಂಗಿ, ಏಳುವ ಭಂಗಿ, ಖೋ ಕೊಡುವ ಸಮಯ, ಇಂಥವನ್ನೇ ನೆರಳಿನಲ್ಲಿ ಮಾಡಿಸಿದೆ. ಮುಸ್ಲಿಂ ಹುಡುಗಿಯರನ್ನು ಇಫ್ತಾರಿಗೆ ಅರ್ಧ ಗಂಟೆ ಮುಂಚೆಯೇ ಮನೆಗೆ ಕಳಿಸುತ್ತಿದ್ದೆ.

ಅದೇ ವರ್ಷ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಫೈನಲ್. ಆ ದಿನವೂ ಭಾನುವಾರವೇ. ಬೆಳಿಗ್ಗೆ ಪೂಜೆ ಮುಗಿಸಿ ಬಂದೆ, ಸಂಜೆ ತಂಡ ಪೂರ್ತಿ ನಮ್ಮ ಹಾಲ್‌ನಲ್ಲಿ, ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಮೈಸೂರು ಜಿಲ್ಲೆಯ ಚೈತ್ರಾ ಆ ತಂಡದಲ್ಲಿದ್ದರು. ಹಿಂದೆ ಸುಣ್ಣದ ಗೆರೆಯ ಆಚೆ ಕೂತಿದ್ದ ಆ ಹುಡುಗಿಯೂ ಬಂದಿದ್ದಳು. ಈಗ ನನ್ನ ಬದಲು ವಾರಕ್ಕೆ ಎರಡು ದಿನ ಅಭ್ಯಾಸ ಮಾಡಿಸುವವಳು ಅವಳೇ.

ಗೇಟಿನ ಹತ್ತಿರ ಕೇಳಿದ ಹುಡುಗ ನಮ್ಮ ಗಾಯನವೃಂದಕ್ಕೆ ಕೀಬೋರ್ಡ್ ನುಡಿಸುವವನು. ಅವನನ್ನು ಬಿಟ್ಟರೆ ಇನ್ನೊಬ್ಬರು ಇಲ್ಲ. ಆಗಸ್ಟ್ ಬರಲಿಕ್ಕೆ ಇನ್ನೂ ಸಮಯ ಇದೆ, ಅಷ್ಟರೊಳಗೆ ಯಾರಾದರೂ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕು ಹಾಡು ಕಲಿಸು ಅಂತ ಹೇಳಿದ್ದೇನೆ. ಹೋದ ಭಾನುವಾರ ನೋಡಿದೆ, ಅವನ ಪಕ್ಕದ ಸ್ಟೂಲಿನಲ್ಲಿ ಒಬ್ಬ ಚಿಕ್ಕ ಹುಡುಗ ಕೂತಿದ್ದ.