ಕಳಿಸಿದ ರೋಗಿಯ ಆಂಜಿಯೋಗ್ರಾಂ ತರಿಸಿಕೊಂಡು ಕಲಿತದ್ದು

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇಯಲ್ಲಿ (ವೈದ್ಯರ ಮುಂದುವರಿದ ಕಲಿಕೆಯ ಕಾರ್ಯಕ್ರಮ) ಭಾಗವಹಿಸಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳುತ್ತವೆ. ನಾನೂ ಹೋಗುತ್ತೇನೆ. ಭಾನುವಾರ, ಜಿಲ್ಲಾ ಕೇಂದ್ರದ ಹೋಟೆಲ್ ಹಾಲ್, ಹೃದ್ರೋಗ ತಜ್ಞರ ಎರಡು ಉಪನ್ಯಾಸ, ಊಟ, ಕ್ರೆಡಿಟ್ ಪಾಯಿಂಟ್. ಕೆಲವು ಉಪನ್ಯಾಸಗಳು ನಿಜವಾಗಿಯೂ ಚೆನ್ನಾಗಿರುತ್ತವೆ. ಆದರೆ ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್ ಆಗಿ ನನ್ನ ಕೆಲಸ ಬದಲಾಗಿದ್ದು ಅಲ್ಲಿಂದ ಅಲ್ಲ. ನಾವು ಮೇಲಿನ ಆಸ್ಪತ್ರೆಗೆ ಕಳಿಸಿದ ಎದೆನೋವಿನ ರೋಗಿಗೆ ಕೊನೆಗೆ ಯಾವ ರಕ್ತನಾಳ ಕಟ್ಟಿತ್ತು ಅಂತ ಬಿಡದೆ ಕೇಳಲು ಶುರು ಮಾಡಿದೆವು. ಬದಲಾವಣೆ ಬಂದದ್ದು ಅದರಿಂದ.

ಮೊದಲು ಹೇಗಿತ್ತು ಅಂದರೆ, ರೋಗಿ ಬರುತ್ತಾರೆ, ಇಸಿಜಿ ಆಗುತ್ತದೆ, ಆಸ್ಪಿರಿನ್ ಕೊಡುತ್ತೇವೆ, ಆಂಬುಲೆನ್ಸ್ ಹೊರಡುತ್ತದೆ. ಅಲ್ಲಿಗೆ ನಮ್ಮ ಪಾಲಿನ ಕಥೆ ಮುಗಿಯಿತು. ತಿಂಗಳ ನಂತರ ಅದೇ ಮನುಷ್ಯ ಮಾತ್ರೆಗೆ ಅಂತ ಒಪಿಡಿಗೆ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಒಳಗೆ ಡಿಸ್ಚಾರ್ಜ್ ಸಮ್ಮರಿ. ಅದರ ಎರಡನೇ ಹಾಳೆಯಲ್ಲಿ ಹೃದಯದ ಯಾವ ನಾಳ ಎಲ್ಲಿ ಕಟ್ಟಿದೆ ಅಂತ ತೋರಿಸುವ ಆಂಜಿಯೋಗ್ರಾಂ ವರದಿ ಇರುತ್ತದೆ. ಅದನ್ನು ನಮ್ಮ ಇಸಿಜಿ ಪಕ್ಕ ಇಟ್ಟು ನೋಡಿದರೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಇಸಿಜಿ ಅಂದರೆ ಪ್ರಶ್ನೆ, ಆಂಜಿಯೋಗ್ರಾಂ ಅಂದರೆ ಉತ್ತರ. ಉತ್ತರ ನೋಡದೆ ವರ್ಷಗಟ್ಟಲೆ ಪ್ರಶ್ನೆಪತ್ರಿಕೆ ಬರೆಯುತ್ತಾ ಹೋದರೆ ಕೈ ಪಳಗುವುದಿಲ್ಲ.

ಇದಕ್ಕೆ ಅನುಕೂಲವೂ ಕೂಡಿಬಂತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಎದೆನೋವು ಅಂದರೆ ಜನ ತಡಮಾಡದೆ ಬರತೊಡಗಿದರು. ಅವರ ಹೆಸರಿನಲ್ಲೇ ಬಂದ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಕಡೆ ಕೂತ ತಜ್ಞರು ಕೂಡಲೇ ನೋಡುವಂತಾಯಿತು. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುವಂತಾಯಿತು. ಅದಕ್ಕೂ ಮೊದಲೇ ಮಂಗಳೂರಿನ ಡಾ. ಪದ್ಮನಾಭ ಕಾಮತ್ ಹಳ್ಳಿಗಳಿಗೆ ಇಸಿಜಿ ಮೆಷಿನ್ ಕೊಟ್ಟು, ವಾಟ್ಸಾಪ್ ಗ್ರೂಪಿನಲ್ಲೇ ಸಲಹೆ ಕೊಡುವ ದಾರಿ ತೋರಿಸಿದ್ದರು. ನಮ್ಮಲ್ಲೂ ಅಂಥದ್ದೇ ಒಂದು ಚಿಕ್ಕ ಗ್ರೂಪ್ ಇದೆ. ಇಸಿಜಿಯನ್ನು ಗ್ರೂಪಿಗೆ ಹಾಕುವ ಮೊದಲು ಮೇಲಿರುವ ಹೆಸರನ್ನು ಬೆರಳಿಂದಲೋ ಪ್ಲಾಸ್ಟರಿಂದಲೋ ಮುಚ್ಚಿ ಫೋಟೋ ತೆಗೆಯುತ್ತೇವೆ. ಇದರಲ್ಲಿ ರಿಯಾಯಿತಿ ಇಲ್ಲ.

ಬುಧವಾರ ಒಪಿಡಿ ಮುಗಿದ ಮೇಲೆ ಎಲ್ಲರೂ ಕೂರುತ್ತೇವೆ. ಡ್ಯೂಟಿ ಡಾಕ್ಟರ್‌ಗಳು, ಕ್ಯಾಷುವಾಲ್ಟಿ ಸಿಸ್ಟರ್‌ಗಳು, ಸುತ್ತಲಿನ ಪಿಎಚ್‌ಸಿಗಳಿಂದ ಬರಲು ಆದವರು. ಆ ವಾರದ ಇಸಿಜಿಗಳು ಮೇಜಿನ ಮೇಲೆ. ಒಂದೇ ನಿಯಮ: ಎಲ್ಲರೂ ತಮಗೆ ಕಂಡದ್ದನ್ನು ಚೀಟಿಯಲ್ಲಿ ಬರೆದ ಮೇಲೆಯೇ ಆಂಜಿಯೋಗ್ರಾಂ ವರದಿ ತೆಗೆಯುವುದು. ಮೊದಲೇ ವರದಿ ಓದಿಬಿಟ್ಟರೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು ಅನ್ನಿಸಿಬಿಡುತ್ತದೆ, ಅಲ್ವಾ? ಸಿಸ್ಟರ್‌ಗಳೂ ಬರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಇಸಿಜಿ ಹಾಳೆಯನ್ನು ಮೊದಲು ನೋಡುವವರು ಅವರೇ.

ಈ ಕೂಟದಲ್ಲಿ ಮೊದಲು ಸಿಕ್ಕಿಬಿದ್ದದ್ದು ಲೀಡ್, ಅಂದರೆ ಇಸಿಜಿಗೆ ಮೈಗೆ ಅಂಟಿಸುವ ತಂತಿ, ಕೂರಿಸುವ ಜಾಗ. ಎದೆಯ ಲೀಡ್‌ಗಳಲ್ಲಿ ಮೊದಲಿನ ಎರಡು, ವಿ1, ವಿ2, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಬರಬೇಕು. ಅವಸರದಲ್ಲಿ ಎಲ್ಲ ಕಡೆಯೂ ಎರಡನೇ ಸಂದಿಗೆ ಹೋಗಿಬಿಡುತ್ತದೆ. ಆಗ ಇಲ್ಲದ ಹಳೇ ಹಾರ್ಟ್ ಅಟ್ಯಾಕ್ ಇದ್ದ ಹಾಗೆ ಕಾಣುತ್ತದೆ. ಈಗ ಹೀಗೆ ಕಲಿಸುತ್ತೇವೆ: ಗಂಟಲ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಕೆಳಕ್ಕೆ ಜಾರಿಸಿ. ನಾಲ್ಕೈದು ಸೆಂಟಿಮೀಟರ್ ಹೋದ ಮೇಲೆ ಅಡ್ಡಕ್ಕೆ ಒಂದು ಏಣು ಸಿಗುತ್ತದೆ. ಅದರ ಪಕ್ಕದ್ದೇ ಎರಡನೇ ಪಕ್ಕೆಲುಬು. ಅಲ್ಲಿಂದ ಸಂದಿಗಳನ್ನು ಎಣಿಸಿ: ಎರಡು, ಮೂರು, ನಾಲ್ಕು. ಹೆಂಗಸರಿಗೆ ಎಡ ಸ್ತನದ ಕೆಳಗೆ ಬರುವ ವಿ4 ಇಡುವಾಗ ಸಂಕೋಚಕ್ಕೆ ಸುಮ್ನೆ ಎಲ್ಲೋ ಅಂಟಿಸಿಬಿಡುತ್ತಾರೆ. ಅದಕ್ಕೆ ಪರದೆ, ಜೊತೆಗೊಬ್ಬ ಸಿಸ್ಟರ್, ಎರಡು ಮಾತಿನ ವಿವರಣೆ ಸಾಕು.

ಎರಡನೆಯದು ಹೃದಯದ ಕೆಳಭಾಗದ ಅಟ್ಯಾಕ್. ಇಸಿಜಿಯ ಲೀಡ್ 2, 3, ಎವಿಎಫ್ ಅನ್ನುವ ಗೆರೆಗಳಲ್ಲಿ ಎಸ್‌ಟಿ ಅನ್ನುವ ಭಾಗ ಏರಿರುತ್ತದೆ. ಹಲವರಿಗೆ ಅದು ಏರುವ ಮೊದಲೇ ಎವಿಎಲ್ ಅನ್ನುವ ಗೆರೆಯಲ್ಲಿ ಸಣ್ಣಗೆ ಇಳಿದಿರುತ್ತದೆ. ‘ಗ್ಯಾಸ್ಟ್ರಿಕ್ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿ’ ಅಂತ ಬರುವವರಲ್ಲಿ ಇಂಥವರು ಜಾಸ್ತಿ. ವಾಂತಿ, ಬೆವರು, ಮೇಲ್ಹೊಟ್ಟೆಯಲ್ಲಿ ಹಿಡಿದ ಹಾಗೆ. ಎವಿಎಲ್ ಅನುಮಾನ ಬಂದರೆ ನೋವಿರುವ ತನಕ ಕಾಲು ಗಂಟೆಗೊಮ್ಮೆ ಇಸಿಜಿ ಮತ್ತೆ ತೆಗೆಯುತ್ತೇವೆ. ವಾಪಸ್ ಬಂದ ವರದಿಗಳಲ್ಲಿ ಹೃದಯಕ್ಕೆ ರಕ್ತ ಕೊಡುವ ಬಲಗಡೆಯ ನಾಳ, ಬಲ ಕರೋನರಿಯೇ ಮತ್ತೆ ಮತ್ತೆ ಕಂಡಿತು. ಲೀಡ್ 3ರಲ್ಲಿ 2ಕ್ಕಿಂತ ಎತ್ತರ ಇದ್ದವರಲ್ಲಂತೂ ಹೆಚ್ಚುಕಡಿಮೆ ಅದೇ. ಬಲ ಕರೋನರಿ ಮೇಲ್ಗಡೆಯೇ ಕಟ್ಟಿದ್ದರೆ ಬಲ ಹೃದಯಕೋಣೆಯೂ ಸೋತಿರುತ್ತದೆ. ಅಂಥವರಿಗೆ ನಾಲಗೆ ಕೆಳಗೆ ನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟರೆ ಬಿಪಿ ದಬಕ್ಕನೆ ಬೀಳುತ್ತದೆ. ನಮ್ಮ ಕಡೆ ಎದೆನೋವು ಅಂದರೆ ಸಾರ್ಬಿಟ್ರೇಟ್ ಅನ್ನುವುದು ಮೆಡಿಕಲ್ ಶಾಪಿನವರಿಗೂ ಬಾಯಿಪಾಠ. ಅದಕ್ಕೇ ಈಗ 2, 3, ಎವಿಎಫ್ ಏರಿದ್ದು ಕಂಡ ಕೂಡಲೇ ಸಿಸ್ಟರ್ ಕೇಳದೆಯೇ ವಿ4 ಲೀಡನ್ನು ಎದೆಯ ಬಲಭಾಗಕ್ಕೆ ಇಟ್ಟು ಇನ್ನೊಂದು ಇಸಿಜಿ ತೆಗೆಯುತ್ತಾರೆ. ಅಲ್ಲೂ ಏರಿದ್ದರೆ ಸಾರ್ಬಿಟ್ರೇಟ್ ಇಲ್ಲ. ಬಿಪಿ ಕಡಿಮೆ ಇದ್ದು ಶ್ವಾಸಕೋಶ ಸ್ವಚ್ಛ ಇದ್ದರೆ ಸಲೈನ್.

ಒಂದು ರಿಜಿಸ್ಟರ್ ಇಟ್ಟಿದ್ದೇವೆ. ನೋವು ಶುರುವಾದ ಹೊತ್ತು, ಬಾಗಿಲಿಗೆ ಬಂದ ಹೊತ್ತು, ಇಸಿಜಿ ಹೊತ್ತು, ಇಂಜೆಕ್ಷನ್ ಹೊತ್ತು, ನಮ್ಮ ಓದು, ಆಂಜಿಯೋಗ್ರಾಂ. ಬಂದ ಹತ್ತು ನಿಮಿಷದೊಳಗೆ ಇಸಿಜಿ, ಮೂವತ್ತು ನಿಮಿಷದೊಳಗೆ ಇಂಜೆಕ್ಷನ್ ಅನ್ನುವುದು ಗುರಿ. ನಮ್ಮಿಂದ ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬಿಗೆ ಎರಡು ಗಂಟೆಯೊಳಗೆ ಮುಟ್ಟಿಸಿ ನಾಳ ತೆರೆದಿಡುವ ಸ್ಟೆಂಟ್ ಹಾಕಿಸುವುದು ಆಗದ ಮಾತು. ಹಾಗಾಗಿ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲೇ ಆಗಬೇಕು. ರಿಜಿಸ್ಟರ್ ನೋಡಿದಾಗ ಹೊತ್ತು ಹೋಗುತ್ತಿದ್ದದ್ದು ಔಷಧಿ ಹುಡುಕುವುದರಲ್ಲಿ ಅಲ್ಲ, ಮನೆಯವರ ಒಪ್ಪಿಗೆಯಲ್ಲಿ. ‘ದೊಡ್ಡ ಮಗ ಬರಲಿ’ ಅಂತ ಕೂರುತ್ತಿದ್ದರು. ಹೇಳುವ ಮಾತನ್ನು ನಾವೇ ಕೂತು ಸಿದ್ಧ ಮಾಡಿಕೊಂಡೆವು: ‘ಅಮ್ಮಾ, ನಿಮ್ಮ ಯಜಮಾನರ ಹೃದಯದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಇದು ಅದನ್ನು ಕರಗಿಸುವ ಇಂಜೆಕ್ಷನ್. ನೂರು ಜನಕ್ಕೆ ಕೊಟ್ಟರೆ ಸುಮಾರು ಒಬ್ಬರಿಗೆ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಕೊಡದೆ ಕಾದರೆ ಹೃದಯದ ಮಾಂಸ ಸಾಯುತ್ತಾ ಹೋಗುತ್ತೆ. ಮಗನಿಗೆ ಈಗಲೇ ಫೋನ್ ಹಚ್ಚಿ, ನಾನೇ ಮಾತಾಡ್ತೀನಿ.’ ಇದಾದ ಮೇಲೆ ತಡ ಕಡಿಮೆಯಾಯಿತು.

ಟೆನೆಕ್ಟೆಪ್ಲೇಸ್ ಡೋಸ್ ಪಟ್ಟಿ ಫ್ರಿಜ್ ಬಾಗಿಲ ಮೇಲೆ ಅಂಟಿಸಿದೆ. 60 ಕೆಜಿ ಒಳಗಿನವರಿಗೆ 30 ಮಿಲಿಗ್ರಾಂ. ಅಲ್ಲಿಂದ ಹತ್ತು ಕೆಜಿಗೆ ಐದರಂತೆ ಏರಿಸುತ್ತಾ 90 ದಾಟಿದವರಿಗೆ 50. ವಯಸ್ಸು 75 ದಾಟಿದ್ದರೆ ಅದರ ಅರ್ಧ. ಈ ಇಂಜೆಕ್ಷನ್ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಅಧ್ಯಯನದಲ್ಲಿ ವಯಸ್ಸಾದವರಿಗೆ ಮೆದುಳಿನ ರಕ್ತಸ್ರಾವ ಹೆಚ್ಚು ಕಂಡದ್ದರಿಂದ ನಡುವೆಯೇ ಡೋಸ್ ಅರ್ಧ ಮಾಡಬೇಕಾಯಿತು. ಈ ಹಿನ್ನೆಲೆ ಹೇಳಿದ ಮೇಲೆ ಹೊಸ ಡಾಕ್ಟರ್‌ಗಳಿಗೆ ಅದು ಮರೆಯಲಿಲ್ಲ. ಇಂಜೆಕ್ಷನ್ ಆದ ಮೇಲೆ ನೋವು ಹೋಗುತ್ತದೆ. ‘ಈಗ ಹುಷಾರಾದ್ರಲ್ಲ, ಮನೆಗೆ ಕರ್ಕೊಂಡು ಹೋಗ್ತೀವಿ’ ಅನ್ನುತ್ತಾರೆ. ಆಗ ಹೆಸರು ಮುಚ್ಚಿದ ಹಳೇ ವರದಿ ತೋರಿಸುತ್ತೇನೆ: ಹೆಪ್ಪು ಕರಗಿದೆ, ಆದರೂ ನಾಳ ಇನ್ನೂ ಶೇಕಡಾ 90 ಕಟ್ಟಿದೆ. ಒಂದೂವರೆ ಗಂಟೆಯೊಳಗೆ ಎಸ್‌ಟಿ ಅರ್ಧಕ್ಕೆ ಇಳಿಯದಿದ್ದರೆ ತಕ್ಷಣ, ಇಳಿದರೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು.

ಕಾಲಿನ ರಕ್ತನಾಳಕ್ಕೆ ನಾವು ಬಂದದ್ದು ತಡವಾಗಿ. ಸ್ಟೆಂಟ್ ಹಾಕಿಸಿಕೊಂಡು ಬಂದ ಬೀಡಿ ಸೇದುವವರೊಬ್ಬರು ‘ನಡೆದ್ರೆ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತ್ರೆ ಬಿಡುತ್ತೆ’ ಅಂದರು. ಇಂಥವರಿಗೆ ನರದ ವೀಕ್ನೆಸ್ ಅಂತ ವಿಟಮಿನ್ ಇಂಜೆಕ್ಷನ್ ಬೀಳುತ್ತಲೇ ಇರುತ್ತದೆ. ಅವರ ಪಾದದ ನಾಡಿ ಕೈಗೆ ಸಿಗಲಿಲ್ಲ. ಈಗ ಹೃದಯದ ರೋಗಿ, ಶುಗರ್ ರೋಗಿ ಯಾರೇ ಬಂದರೂ ಚಪ್ಪಲಿ ಬಿಡಿಸಿ ಎರಡೂ ಪಾದದ ನಾಡಿ ಮುಟ್ಟಿ ನೋಡುವುದು ಒಪಿಡಿಯ ಕಡ್ಡಾಯ ಕೆಲಸ. ಸಿಗದಿದ್ದರೆ ರಕ್ತ ಹರಿಯುವ ಸದ್ದು ಕೇಳಿಸುವ ಕೈ ಡಾಪ್ಲರ್ ಹಿಡಿದು ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತೇವೆ. 0.9 ಅಥವಾ ಕೆಳಗೆ ಬಂದರೆ ಕಾಲಿನ ನಾಳ ಕಟ್ಟಿದೆ. ಶುಗರ್ ಇರುವವರಲ್ಲಿ 1.4 ದಾಟಿದರೆ ನಾಳ ಗಟ್ಟಿಯಾಗಿದೆ, ಆ ಲೆಕ್ಕವನ್ನು ನಂಬುವ ಹಾಗಿಲ್ಲ.

ಶುರು ಮಾಡಬೇಕು ಅನ್ನುವವರಿಗೆ ಒಂದು ರಿಜಿಸ್ಟರ್ ಮತ್ತು ಮೇಲಿನ ಆಸ್ಪತ್ರೆಯ ಒಬ್ಬ ಹೃದ್ರೋಗ ತಜ್ಞರ ಸ್ನೇಹ ಸಾಕು. ನಾವು ಕೇಳುವುದೂ ಒಂದೇ ಸಾಲು: ಯಾವ ನಾಳ, ಎಲ್ಲಿ, ಎಷ್ಟು. ಎಷ್ಟೇ ಕೆಲಸ ಇದ್ದರೂ ಅಷ್ಟನ್ನು ಕಳಿಸುತ್ತಾರೆ. ಬರದೇ ಹೋದರೆ ರೋಗಿಯ ಮನೆಯವರ ಒಪ್ಪಿಗೆ ಕೇಳಿ ಡಿಸ್ಚಾರ್ಜ್ ಸಮ್ಮರಿಯ ಫೋಟೋ ತರಿಸಿಕೊಳ್ಳುತ್ತೇವೆ. ಫೋನ್ ಮಾಡಿದ ನೆಪದಲ್ಲಿ ಮತ್ತೆ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಮಾತ್ರೆ ಬಿಟ್ಟಿಲ್ಲ ತಾನೇ ಅಂತಲೂ ಸಿಸ್ಟರ್ ವಿಚಾರಿಸುತ್ತಾರೆ.