ಬ್ಯುರೆಟ್ ಬಿಟ್ಟು ಕೂಲಂಬ್ ಎಣಿಸಿದ್ದು

ದ್ರಾವಣದಲ್ಲಿ ಒಂದು ಪದಾರ್ಥ ಎಷ್ಟಿದೆ ಎಂಬುದನ್ನು, ಅದರೊಂದಿಗೆ ವರ್ತಿಸುವ ಇನ್ನೊಂದು ಪದಾರ್ಥ ಎಷ್ಟು ಖರ್ಚಾಯಿತು ಎಂಬುದರಿಂದ ತಿಳಿಯುವುದು ಅನುಮಾಪನ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಅಳತೆಗೊಳವೆ ಬ್ಯುರೆಟ್‌ನ ಬದಲು ಸೆಕೆಂಡುಗಳನ್ನು ನೋಡಿಕೊಂಡು ಮೊದಲ ಬಾರಿ ಅದನ್ನು ಮಾಡಿದಾಗ ನನಗೆ ಬಂದ ಉತ್ತರ ತಪ್ಪಾಗಿತ್ತು. ಪಾತ್ರೆಯಲ್ಲಿದ್ದದ್ದು 0.01 ಮೋಲಾರ್ ಸೋಡಿಯಂ ಥಯೋಸಲ್ಫೇಟ್, 5 ಮಿಲಿಲೀಟರ್. ಪೊಟ್ಯಾಸಿಯಂ ಅಯೋಡೇಟ್ ಬಳಸಿ ಅದರ ಸಾಂದ್ರತೆಯನ್ನು ಹಿಂದಿನ ದಿನವಷ್ಟೇ ಖಚಿತಪಡಿಸಿಕೊಂಡಿದ್ದೆ. 10 ಮಿಲಿಆಂಪಿಯರ್ ಪ್ರವಾಹದಲ್ಲಿ 482 ಸೆಕೆಂಡಿಗೆ ಮುಗಿಯಬೇಕಿತ್ತು. ಮುಗಿದದ್ದು 496ಕ್ಕೆ. ಮತ್ತೆ ಮಾಡಿದೆ, 503. ಇನ್ನೊಮ್ಮೆ, 491.

ಆ 482 ಎಲ್ಲಿಂದ ಬಂತು ಎಂಬುದರಲ್ಲಿಯೇ ಈ ವಿಧಾನದ ಸೊಗಸಿದೆ. ಪ್ರವಾಹವನ್ನು ಸಮಯದಿಂದ ಗುಣಿಸಿದರೆ ಸಿಗುವುದು ವಿದ್ಯುದಾವೇಶ; ಅದರ ಏಕಮಾನ ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನ್‌ಗಳ ಆವೇಶ 96,485 ಕೂಲಂಬ್; ಇದೇ ಫ್ಯಾರಡೆ ಸ್ಥಿರಾಂಕ. ನನ್ನ ಪಾತ್ರೆಯಲ್ಲಿದ್ದ ಥಯೋಸಲ್ಫೇಟ್ 50 ಮೈಕ್ರೋಮೋಲ್. ಒಂದು ಅಣುವಿಗೆ ಒಂದು ಎಲೆಕ್ಟ್ರಾನ್‌ನಂತೆ ಒಟ್ಟು 4.824 ಕೂಲಂಬ್ ಸಾಕು. ಇಲ್ಲಿ ಅಯೋಡಿನ್ ಬಾಟಲಿಯಿಂದ ಬರುವುದಿಲ್ಲ. ಪಾತ್ರೆಯಲ್ಲಿರುವ ಪೊಟ್ಯಾಸಿಯಂ ಅಯೋಡೈಡ್‌ನಿಂದ ಪ್ಲಾಟಿನಂ ಆನೋಡ್‌ನ (ಧನ ಎಲೆಕ್ಟ್ರೋಡ್‌ನ) ಮೇಲೆ ಹುಟ್ಟುತ್ತದೆ, ಹುಟ್ಟಿದ ಕ್ಷಣವೇ ಥಯೋಸಲ್ಫೇಟ್‌ನೊಂದಿಗೆ ವರ್ತಿಸಿ ಖರ್ಚಾಗುತ್ತದೆ. ಅಯೋಡಿನ್ ದ್ರಾವಣವನ್ನು ಕಾಪಿಟ್ಟು ಬಳಸಿದವರಿಗೆ ಇದು ಎಂಥ ನೆಮ್ಮದಿ ಎಂದು ಗೊತ್ತು: ಅದು ಆವಿಯಾಗುತ್ತದೆ, ವಾರ ಕಳೆಯುವುದರೊಳಗೆ ಬಲ ಕುಂದುತ್ತದೆ. ಎಲೆಕ್ಟ್ರಾನ್ ಹಳಸುವುದಿಲ್ಲ. 2019ರಲ್ಲಿ ಏಕಮಾನಗಳ ಹೊಸ ವ್ಯಾಖ್ಯೆ ಬಂದ ಮೇಲೆ ಫ್ಯಾರಡೆ ಸ್ಥಿರಾಂಕದ ಬೆಲೆಯಲ್ಲಿ ಅನಿಶ್ಚಿತತೆಯೂ ಉಳಿದಿಲ್ಲ.

ಹಾಗಿದ್ದರೆ ಹೆಚ್ಚುವರಿ ಸೆಕೆಂಡುಗಳು ಎಲ್ಲಿ ಹೋದವು? ಮೊದಲು ಪ್ರವಾಹವನ್ನೇ ಅನುಮಾನಿಸಿದೆ. ಸರಣಿಯಲ್ಲಿ 100 ಓಮ್‌ನ ನಿಖರ ಪ್ರತಿರೋಧಕವಿತ್ತು. ಅದರ ತುದಿಗಳ ನಡುವಿನ ವೋಲ್ಟೇಜ್ 1.000 ವೋಲ್ಟ್‌ನಲ್ಲಿ ಅಲುಗಾಡದೆ ನಿಂತಿತ್ತು. ವರ್ತನೆ ಮುಗಿದುದನ್ನು ತೋರಿಸುವ ಅಂತ್ಯಬಿಂದುವೂ ಸ್ಪಷ್ಟವಾಗಿತ್ತು. ಬೇರೆ ಎರಡು ಪ್ಲಾಟಿನಂ ತಂತಿಗಳ ನಡುವೆ 0.2 ವೋಲ್ಟ್ ಕೊಟ್ಟಿದ್ದೆ. ಥಯೋಸಲ್ಫೇಟ್ ಇರುವವರೆಗೆ ಅಲ್ಲಿ ಪ್ರವಾಹ ಇಲ್ಲವೆಂಬಷ್ಟು ಕಡಿಮೆ, ಅಯೋಡಿನ್ ಉಳಿಯತೊಡಗಿದ ಕೂಡಲೇ ಮುಳ್ಳು ಏರುತ್ತದೆ.

ಸುಳಿವು ಸಿಕ್ಕಿದ್ದು ಕಲಕುವ ವೇಗದಿಂದ. ಕಲಕುವಿಕೆಯನ್ನು ಜೋರು ಮಾಡಿದ ದಿನ ಸಮಯ ಇನ್ನೂ ಹೆಚ್ಚಾಯಿತು. ದ್ರಾವಣದಲ್ಲಿ ಎಷ್ಟು ಪದಾರ್ಥವಿದೆ ಎಂಬುದಕ್ಕೂ ಅದನ್ನು ಎಷ್ಟು ಜೋರಾಗಿ ಕಲಕುತ್ತೇವೆ ಎಂಬುದಕ್ಕೂ ಸಂಬಂಧ ಇರಬಾರದು. ಇದೆ ಎಂದಾದರೆ, ಹುಟ್ಟಿದ ಅಯೋಡಿನ್ ಬೇರೆಲ್ಲೋ ತಲುಪುತ್ತಿದೆ ಎಂದರ್ಥ. ತಲುಪುತ್ತಿದ್ದದ್ದು ಕ್ಯಾಥೋಡ್‌ಗೆ, ಅಂದರೆ ಋಣ ಎಲೆಕ್ಟ್ರೋಡ್‌ಗೆ. ಎರಡೂ ಎಲೆಕ್ಟ್ರೋಡ್‌ಗಳನ್ನು ಒಂದೇ ದ್ರಾವಣದಲ್ಲಿ ಇಳಿಬಿಟ್ಟಿದ್ದೆ. ಆನೋಡ್‌ನಲ್ಲಿ ಅಯೋಡಿನ್ ಆದದ್ದರ ಒಂದು ಪಾಲು ಕ್ಯಾಥೋಡ್‌ನಲ್ಲಿ ಮರಳಿ ಅಯೋಡೈಡ್ ಆಗುತ್ತಿತ್ತು. ಆ ಪಾಲಿನ ಎಲೆಕ್ಟ್ರಾನ್‌ಗಳು ನನ್ನ ಲೆಕ್ಕಕ್ಕೆ ಸೇರಿದವು, ಥಯೋಸಲ್ಫೇಟ್‌ಗೆ ಮುಟ್ಟಲಿಲ್ಲ.

ತುದಿಯಲ್ಲಿ ಸೂಕ್ಷ್ಮ ರಂಧ್ರಗಳ ಗಾಜಿನ ಬಿಲ್ಲೆ ಇರುವ ಕೊಳವೆಯೊಳಗೆ ಕ್ಯಾಥೋಡ್ ಇಟ್ಟೆ. ಒಳಗೆ ಬರೀ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ). ಅಲ್ಲಿ ಹೈಡ್ರೋಜನ್ ಗುಳ್ಳೆಗಳು ಏಳುತ್ತಿರಲಿ. ಹೊರಗಿನ ಥಯೋಸಲ್ಫೇಟ್ ಕೊಳವೆಗೆ ನುಸುಳದಂತೆ ಒಳಗಿನ ಮಟ್ಟವನ್ನು ತುಸು ಎತ್ತರದಲ್ಲಿ ಇಟ್ಟೆ. ಪಾತ್ರೆಯ ಪಿಎಚ್ 7ರ ಆಸುಪಾಸಿನಲ್ಲಿಯೇ ಇರಬೇಕು: ಕ್ಷಾರ ಹೆಚ್ಚಾದರೆ ಅಯೋಡಿನ್ ಹೈಪೊಅಯೋಡೈಟ್ ಆಗಿ ಹೋಗುತ್ತದೆ, ಆಮ್ಲ ಹೆಚ್ಚಾದರೆ ಗಾಳಿಯ ಆಮ್ಲಜನಕವೇ ಅಯೋಡೈಡ್‌ನಿಂದ ಅಯೋಡಿನ್ ಮಾಡಿಬಿಡುತ್ತದೆ. ಮಾದರಿ ಹಾಕುವ ಮುನ್ನ ಒಂದು ಹನಿ ಥಯೋಸಲ್ಫೇಟ್ ಹಾಕಿ, ಅಂತ್ಯಬಿಂದುವಿನವರೆಗೆ ಪ್ರವಾಹ ಹರಿಸಿ, ಅಲ್ಲಿಂದ ಎಣಿಕೆ ಶುರು ಮಾಡುವುದನ್ನೂ ರೂಢಿ ಮಾಡಿಕೊಂಡೆ. ಪಾತ್ರೆಯಲ್ಲಿ ಮೊದಲೇ ಇರುವ ಕಲ್ಮಷದ ಲೆಕ್ಕ ಹೀಗೆ ತೀರುತ್ತದೆ. ಮರುದಿನದ ಮೂರು ಓದುಗಳು 482, 483, 482. ಕಲಕುವ ವೇಗವನ್ನು ಬೇಕೆಂದೇ ಬದಲಿಸಿದೆ; ಅಂಕಿ ಕದಲಲಿಲ್ಲ. ಆ ಸಂಜೆಯ ಸಂತೋಷ ಈಗಲೂ ನೆನಪಿದೆ.

ಈಗ ನನ್ನ ದಿನದ ಕೆಲಸ ದ್ರಾವಕಗಳಲ್ಲಿನ ನೀರನ್ನು ಕಾರ್ಲ್ ಫಿಷರ್ ಕೂಲೊಮೆಟ್ರಿಯಿಂದ, ಅಂದರೆ ಹೀಗೆಯೇ ಕೂಲಂಬ್ ಎಣಿಸಿ, ಅಳೆಯುವುದು. ಅಲ್ಲಿಯೂ ಆನೋಡ್‌ನಲ್ಲಿ ಹುಟ್ಟುವುದು ಅಯೋಡಿನ್‌. ಒಂದು ಅಣು ನೀರಿಗೆ ಒಂದು ಅಣು ಅಯೋಡಿನ್, ಅಂದರೆ ಎರಡು ಎಲೆಕ್ಟ್ರಾನ್. 1 ಮಿಲಿಗ್ರಾಂ ನೀರಿಗೆ 10.71 ಕೂಲಂಬ್. ಈ ಕೆಲಸದಲ್ಲಿ ಶತ್ರು ಗಾಳಿಯ ತೇವಾಂಶ. ಏನೂ ಹಾಕದಿದ್ದರೂ ಕೋಶವು ನಿಮಿಷಕ್ಕೆ ಕೆಲವು ಮೈಕ್ರೋಗ್ರಾಂ ನೀರನ್ನು ತೋರಿಸುತ್ತಿರುತ್ತದೆ. ಇದನ್ನು ಡ್ರಿಫ್ಟ್ ಎನ್ನುತ್ತೇವೆ. ಅದು ನಿಮಿಷಕ್ಕೆ 8 ಮೈಕ್ರೋಗ್ರಾಂ ಇದ್ದು, ಅಳತೆ ಮೂರು ನಿಮಿಷ ಹಿಡಿದರೆ 24 ಮೈಕ್ರೋಗ್ರಾಂ ಆಯಿತು. ಮಾದರಿಯಲ್ಲಿರುವುದೇ 200 ಮೈಕ್ರೋಗ್ರಾಂ ಆಗಿದ್ದರೆ ಇದು ಕಡೆಗಣಿಸುವ ಮೊತ್ತವಲ್ಲ. ಉಪಕರಣ ಅದನ್ನು ತಾನೇ ಕಳೆಯುತ್ತದೆ ನಿಜ, ಆದರೆ ಡ್ರಿಫ್ಟ್ ಸ್ಥಿರವಾಗಿದ್ದರೆ ಮಾತ್ರ ಆ ವ್ಯವಕಲನಕ್ಕೆ ಅರ್ಥ. ಆದ್ದರಿಂದ ಅದು ನೆಲೆಗೊಳ್ಳುವವರೆಗೆ ನಾನು ಸಿರಿಂಜ್ ಮುಟ್ಟುವುದಿಲ್ಲ. ಅಸಿಟೋನ್‌ನಂಥ ಕೀಟೋನ್‌ಗಳಿಗೆ ಮಾಮೂಲಿ ಮೆಥನಾಲ್ ಕಾರಕವನ್ನೂ ಬಳಸುವುದಿಲ್ಲ. ಅವು ಮೆಥನಾಲ್‌ನೊಂದಿಗೆ ವರ್ತಿಸಿ ಹೊಸದಾಗಿ ನೀರು ಹುಟ್ಟಿಸುತ್ತವೆ, ಅಳತೆ ಮುಗಿಯುವುದೇ ಇಲ್ಲ.

ಗ್ರಾಂಗೆ 1 ಮಿಲಿಗ್ರಾಂ ನೀರಿರುವ ಪ್ರಮಾಣಿತ ದ್ರವವನ್ನು ಪ್ರತಿ ಬೆಳಿಗ್ಗೆ ಅಳೆಯುತ್ತೇನೆ. ಒಮ್ಮೆ ಅದು 1.06 ತೋರಿಸಿತು. ಎಲ್ಲ ಫಲಿತಾಂಶಗಳನ್ನೂ 1.06ರಿಂದ ಭಾಗಿಸಿ ಮುಂದುವರಿಯೋಣ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಕೂಲಂಬ್‌ಗೆ ತಿದ್ದುಪಡಿ ಬೇಕಿಲ್ಲ. ಆರು ಶೇಕಡಾ ಹೆಚ್ಚು ಬಂದಿದೆ ಎಂದರೆ ಎಲ್ಲಿಂದಲೋ ನೀರು ಒಳಬರುತ್ತಿದೆ. ಹುಡುಕಿದಾಗ ಸಿಕ್ಕಿದ್ದು, ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿದ್ದ ರಬ್ಬರ್ ಮುಚ್ಚಳ. ಹೊಸದು ಹಾಕಿ, ಡ್ರಿಫ್ಟ್ ಇಳಿಯಲೆಂದು ಅರ್ಧ ಗಂಟೆ ಕಾದು, ಮತ್ತೆ ಅಳೆದೆವು. 1.00.